ಪಟದ ಗಾಜಿನ ಕೆಂಪು ದೀಪ

ದೀಪಾವಳಿ ಕಳೆದು ಎಂಟು ದಿನ. ಹಿರೇಬೆಂಡಿಗೇರಿಯಲ್ಲಿ ಗೋವಿನಜೋಳದ ತೆನೆ ಮುರಿಯುವ ಕೆಲಸ ಊರನ್ನೇ ಹೊಲಕ್ಕೆ ಎಳೆದುಕೊಂಡಿತ್ತು. ಮಹಾಲಿಂಗಪ್ಪನ ಮನೆಯ ಅಂಗಳದಲ್ಲಿ ಎರಡು ಟ್ರ್ಯಾಕ್ಟರ್ ತೆನೆ ಸೊಂಟದೆತ್ತರಕ್ಕೆ ಬಿದ್ದಿತ್ತು. ಅವನ ತಾಯಿ ಸುಶೀಲವ್ವ ಬಿಸಿಲೇರುವ ಮೊದಲೇ ಗೋಣಿತಟ್ಟು ಹಾಸಿಕೊಂಡು, ಬೆನ್ನನ್ನು ಗೋಡೆಗೆ ಕೊಟ್ಟು, ತೆನೆಗಂಟಿದ ಸಿಪ್ಪೆ ಸುಲಿಯುತ್ತ ಕುಳಿತಿದ್ದಳು. ಆರೇಳು ವರ್ಷಗಳಿಂದ ಅವಳು ಎಲ್ಲಿ ಕುಳಿತರೂ ಬೆನ್ನಿಗೆ ಗೋಡೆ ಬೇಕು. ಹಾಗೆ ಕುಳಿತರೆ ಬಂದವರು ಎದುರಿನಿಂದಲೇ ಬರುತ್ತಾರೆ, ಅವರ ತುಟಿ ಕಾಣುತ್ತದೆ. ಎಪ್ಪತ್ತೆರಡರ ಮುದುಕಿಗೆ ಸೊಂಟನೋವೆಂದು ಮನೆಯವರು ತಿಳಿದಿದ್ದರು. ಕಿವಿ ಮಂದವಾಗಿದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣವಿತ್ತು. ಅವಳ ಅತ್ತೆಗೆ ಮುಪ್ಪಿನಲ್ಲಿ ಕಿವಿ ಹೋಗಿತ್ತು. ಮೊದಮೊದಲು ಮನೆಯವರು ಕೂಗಿ ಹೇಳುತ್ತಿದ್ದರು, ಆಮೇಲೆ ಕೈಸನ್ನೆ ಮಾಡಿದರು, ಕಡೆಗೆ ಹೇಳುವುದನ್ನೇ ಬಿಟ್ಟರು. ಮನೆಯ ಎಮ್ಮೆ ಮಾರಿದ್ದು ಆ ಮುದುಕಿಗೆ ಗೊತ್ತಾದದ್ದು ಖಾಲಿ ಗೂಟ ನೋಡಿದ ಮೇಲೆ. 'ಕೆಪ್ಪಿಗೇನ ಹೇಳೂದು' ಎಂದು ಮೊದಲು ಬಾಯಿಬಿಟ್ಟು ಅಂದವಳು ಸುಶೀಲವ್ವನೇ.

ಅಂಗಳದಲ್ಲಿ ಈಗ ಅವಳ ಮಗನೂ ಮೊಮ್ಮಗಳೂ ವಾದಕ್ಕೆ ನಿಂತಿದ್ದರು. ಮೊಮ್ಮಗಳು ನೇತ್ರಾ ಮೈಸೂರಿನಲ್ಲಿ ಆಡಿಯಾಲಜಿ ಎಂಬ ಓದು ಓದುತ್ತಿದ್ದಳು. ಕಿವಿ ಹೇಗೆ ಕೇಳುತ್ತದೆ, ಕೇಳದಿದ್ದರೆ ಏನು ಮಾಡಬೇಕು ಅನ್ನುವ ವಿದ್ಯೆ. ಊರವರು ಅದಕ್ಕೆ 'ಕಿವಿ ಕಾಲೇಜು' ಎಂದು ಹೆಸರಿಟ್ಟಿದ್ದರು. ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಎಂ.ಎಸ್ಸಿಯ ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನಿಂದ ಒಂದು ಮಷಿನ್ ತಂದಿದ್ದಳು, ಸೂಟ್‌ಕೇಸಿನಷ್ಟು.

"ಚೀಲ ನನ್ನ ತಲಿ ಮ್ಯಾಲ ಇಟ್ಕೊಳ್ಳೇನು?" ಎಂದ ಮಹಾಲಿಂಗಪ್ಪ. "ಕಾಳಿನ ಕೋಣಿ ನಿನಗ ಕೊಟ್ರ ಅರವತ್ತ ಚೀಲ ಎಲ್ಲಿ ಒಟ್ಲಿ?"

"ಹದಿನೈದ ದಿನ ಅಪ್ಪಾ. ಮನ್ಯಾಗ ಸಪ್ಪಳ ಇಲ್ಲದ ಜಾಗಾ ಅದೊಂದ ಐತಿ. ಮೂವತ್ತ ಮಂದಿ ಹಿರ್ಯಾರ ಕಿವಿ ನೋಡಿ ಬರದು ಕೊಡಬೇಕು. ಇಲ್ಲಂದ್ರ ಈ ವರ್ಷ ಪಾಸಿಲ್ಲ."

"ಮಳಿ ಬಂದ್ರ?"

"ಕಾರ್ತೀಕದಾಗ ಎಲ್ಲಿ ಮಳಿ?"

"ಹೋದ ವರ್ಷ ನೀ ಮೈಸೂರಾಗಿದ್ದಿ. ಇದ ಅಂಗಳದಾಗ ತೆನಿ ಮೊಳಕಿ ಒಡದಿದ್ದು ನಾ ನೋಡೀನಿ."

ಸೊಸೆ ಸುಜಾತಾ ಬಾಗಿಲಿಗೆ ಬಂದು, "ಅಪ್ಪ ಮಗಳು ರೊಟ್ಟಿ ತಿಂದು ಜಗಳಾಡ್ರಿ. ಖಾಲಿ ಹೊಟ್ಟಿ ಜಗಳ ಮುಗ್ಯಾಂಗಿಲ್ಲ" ಎಂದು ಒಳಗೆ ಹೋದಳು.

ಸುಶೀಲವ್ವ ಸೊಂಟದಲ್ಲಿದ್ದ ಬೀಗದ ಕೈ ಬಿಚ್ಚಿ ಮೊಮ್ಮಗಳ ಕೈಗಿಟ್ಟಳು. "ಕೋಣಿ ಆಕಿಗೆ ಇರ್ಲಿ ಮಹಾಲಿಂಗ. ಒಕ್ಕೂ ಮಷಿನ್ ಮಧ್ಯಾಹ್ನದ ಮ್ಯಾಲ ನಡಸು." ಬೀಗದ ಕೈ ಇದ್ದವಳ ಮಾತಿಗೆ ಆ ಮನೆಯಲ್ಲಿ ಎದುರುಮಾತಿರಲಿಲ್ಲ. ಮಹಾಲಿಂಗಪ್ಪ ತೆನೆರಾಶಿಗೆ ಹೊದಿಸಲು ತಾಡಪತ್ರಿ ಹುಡುಕಿಕೊಂಡು ಹೋದ.

ನೇತ್ರಾ ಕೋಣೆಯ ಕಿಟಕಿ ಮುಚ್ಚಿ, ಹೊರಗಿನ ಸದ್ದು ಬರದಂತೆ ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದಳು. ಎಲ್ಲಾ ಸುಶೀಲವ್ವ ಹೊಲಿದ ಕೌದಿಗಳು. ಒಂದು ಗೋಡೆಯ ಮೇಲೆ ತೀರಿಹೋದ ಅಜ್ಜ ಶಂಭುಲಿಂಗಪ್ಪನ ಪಟವಿತ್ತು, ಗಾಜು ಹಾಕಿಸಿದ ದೊಡ್ಡ ಪಟ. ನೇತ್ರಾ ಅದನ್ನು ಇಳಿಸಲು ಕೈ ಹಾಕಿದಾಗ ಸುಶೀಲವ್ವ ತಡೆದಳು.

"ದಿನಾ ವಿಭೂತಿ ಹಚ್ಚಿ ಹೂವು ಇಡೂ ಪಟಾ. ಇಳಸಬ್ಯಾಡ, ಮುಚ್ಚಬ್ಯಾಡ."

ಪಟ ಅಲ್ಲೇ ಉಳಿಯಿತು. ಅದರ ಎರಡೂ ಪಕ್ಕಕ್ಕೆ ಕೌದಿ ಬಂತು.

ಮೊದಲ ಪರೀಕ್ಷೆ ಸುಶೀಲವ್ವನದೇ. ಕುರ್ಚಿಯ ಮುಖ ಪಟದ ಕಡೆಗಿತ್ತು. ಮಷಿನ್ ಕುರ್ಚಿಯ ಹಿಂದೆ, ನೇತ್ರಾ ಮಷಿನ್ನಿನ ಹಿಂದೆ. ಪರೀಕ್ಷೆಗೆ ಕುಳಿತವರಿಗೆ ಅವಳ ಕೈ ಕಾಣಬಾರದೆಂದು ಹಾಗೆ. ಅಜ್ಜಿಯ ಮುಂದೆ ಬಂದು ನಿಂತು ನೇತ್ರಾ ಬಿಡಿಸಿ ಹೇಳಿದಳು: "ಆಯಿ, ಇದರಾಗ ಸಣ್ಣ ಸಪ್ಪಳ ಬರತೈತಿ. ಎಷ್ಟ ಸಣ್ಣದಿದ್ರೂ ಕೇಳಿದ ಕೂಡ್ಲೆ ಬಟ್ಟ ಎತ್ತು. ಕೇಳಲಿಲ್ಲಂದ್ರ ಸುಮ್ಮ ಕುಂದ್ರು."

ಹೆಡ್‌ಫೋನ್ ಕಿವಿಗೆ ಕೂತಿತು. ಮೊದಲ ಎರಡು ಮೂರು ಸಪ್ಪಳ ದೊಡ್ಡವು, ಸುಶೀಲವ್ವ ಬೆರಳೆತ್ತಿದಳು. ಆಮೇಲೆ ಏನೂ ಇಲ್ಲ. ಕೌದಿ ಹೊದ್ದ ಕೋಣೆ ಬಾವಿಯಂತಿತ್ತು. ಪರೀಕ್ಷೆಯೆಂದರೆ ಸರಿ ಉತ್ತರ ಕೊಡುವುದು ಎಂದಷ್ಟೇ ಅವಳಿಗೆ ಗೊತ್ತು. ಉತ್ತರ ತಪ್ಪಿದರೆ ಹುಡುಗಿ ಫೇಲು, ತನ್ನ ಗುಟ್ಟೂ ಬಯಲು. ದಿಕ್ಕು ತೋಚದೆ ಗಂಡನ ಪಟ ನೋಡಿದಳು. ಅವನ ಕೋಟಿನ ಗುಂಡಿಯ ಹತ್ತಿರ, ಗಾಜಿನಲ್ಲಿ, ಕುಂಕುಮದಷ್ಟು ಕೆಂಪು ಬೆಳಕು ಹತ್ತಿ ಆರಿತು. ಮತ್ತೆ ಹತ್ತಿತು. ನೇತ್ರಾ ಗುಂಡಿ ಒತ್ತಿದಾಗಲೆಲ್ಲ ಮಷಿನ್ನಿನ ದೀಪ ಹತ್ತುತ್ತದೆ, ಅದೇ ಗಾಜಿನಲ್ಲಿ ಕಾಣುತ್ತಿದೆ ಎಂದು ಮುದುಕಿಗೆ ತಿಳಿಯಿತು. ದೀಪ ಹತ್ತಿತು, ಬೆರಳು ಎದ್ದಿತು. ಕೊನೆಯವರೆಗೂ ಒಂದೂ ತಪ್ಪಲಿಲ್ಲ.

"ಆಯಿ, ಇಪ್ಪತ್ತ ವರ್ಷದ ಹುಡುಗಿ ಕಿವಿ ನಿನ್ನವು" ಎಂದು ನೇತ್ರಾ ಅಜ್ಜಿಯ ಗಲ್ಲ ಹಿಡಿದಳು. ಆದರೂ ನಂಬಿಕೆ ಸಾಲದೆ, ಮಷಿನ್ನಿನ ಹತ್ತಿರವೇ ನಿಂತು ಹೆಡ್‌ಫೋನ್ ತನ್ನ ಕಿವಿಗೆ ಹಾಕಿ ನೋಡಿದಳು. ಮಷಿನ್ ಸರಿಯಾಗಿತ್ತು.

ಊಟಕ್ಕೆ ಕುಳಿತಾಗ ಈ ಸುದ್ದಿ ಎಲ್ಲರಿಗೂ ಹೋಯಿತು. "ಸುಜಾತಾ, ಇನ್ನ ಪಿಸುಪಿಸು ಬೈಯೂದ ಬಂದ್" ಎಂದು ಮಹಾಲಿಂಗಪ್ಪ ನಕ್ಕ. ಒಲೆಯ ಮುಂದಿದ್ದ ಸುಜಾತಾ ಬೆನ್ನು ತಿರುಗಿಸಿದವಳು ತಿರುಗಿಸಿದಂತೆಯೇ ಏನೋ ಅಂದಳು. ಸುಶೀಲವ್ವನಿಗೆ ಅವಳ ಹೆಗಲು ಅಲುಗಿದ್ದು ಮಾತ್ರ ಕಂಡಿತು. ಅವತ್ತಿನಿಂದ ಸೊಸೆ ತಟ್ಟೆ ತಂದಿಟ್ಟು, ಬಡಿಸಿ, ಮಾತಿಲ್ಲದೆ ಹೋಗತೊಡಗಿದಳು. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯೆಂದರೂ ಉತ್ತರವಿಲ್ಲ, ಉಪ್ಪಿನ ಡಬ್ಬಿ ಬಂದು ಮುಂದೆ ಕೂರುತ್ತಿತ್ತು.

ಮರುದಿನ ನಳದ ಹತ್ತಿರ ಕೊಡ ಹಚ್ಚಿ ನಿಂತ ಗೆಳತಿಯರನ್ನು ಸುಶೀಲವ್ವ ಹತ್ತಿರ ಕರೆದಳು.

"ಪರೀಕ್ಷಾಕ್ಕ ಬರ್ರಿ. ಆದ್ರ ಎಲ್ಲಾ ಕೇಳಬೇಕು, ಇಲ್ಲಂದ್ರ ಹುಡುಗಿ ಫೇಲ್."

"ನನ್ನ ಎಡಗಿವಿ ಸತ್ತು ಹತ್ತ ವರ್ಷಾತು" ಎಂದಳು ಹೊಳೆವ್ವ.

"ಕಿವಿ ಸತ್ರೇನು, ಕಣ್ಣ ಅದಾವಲ್ಲ. ನಮ್ಮ ಯಜಮಾನ್ರ ಪಟಾ ನೋಡ್ಕೋಂತ ಕುಂದ್ರ್ರಿ. ಕೆಂಪ ದೀಪ ಹತ್ತಿದ ಕೂಡ್ಲೆ ಬಟ್ಟ ಎತ್ತೂದು."

ಹುಸೇನಬಿ ಸೆರಗು ಬಾಯಿಗೆ ಒತ್ತಿಕೊಂಡಳು. "ಬದುಕಿದ್ದಾಗ ನಿಮ್ಮ ಯಜಮಾನ್ರನ್ನ ಕಣ್ಣೆತ್ತಿ ನೋಡಿಲ್ಲ ನಾ. ಈಗ ನೋಡು ಅಂತೀಯಲ್ಲ ಸುಶೀಲಕ್ಕಾ."

ವಾರದಲ್ಲಿ ಹನ್ನೆರಡು ಮಂದಿಯದಾಯಿತು. ಎಲ್ಲರೂ ಭಕ್ತಿಯಿಂದ ಶಂಭುಲಿಂಗಪ್ಪನನ್ನು ನೋಡುತ್ತ ಕುಳಿತರು, ಎಲ್ಲರ ಕಿವಿಯೂ ಎಳೆಯವರ ಕಿವಿಯಾಯಿತು. ಒಬ್ಬ ಕರಿಬಸಪ್ಪನದು ಆಗಲಿಲ್ಲ. ಅವನು ಎದುರು ಮನೆಯವನು, ಶಂಭುಲಿಂಗಪ್ಪನ ಜೋಡಿ ಎತ್ತು ಹೂಡಿದವನು. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೀಪ ಹೇಗೆ ಕಂಡೀತು? ಕೇಳಿದ್ದಕ್ಕೆ ಮಾತ್ರ ಬೆರಳೆತ್ತಿದ. ಕಿವಿ ಬಹಳ ಮಂದವಾಗಿವೆ, ಹುಬ್ಬಳ್ಳಿ ಆಸ್ಪತ್ರೆಗೆ ಹೋಗಬೇಕೆಂದು ನೇತ್ರಾ ಬರೆದುಕೊಟ್ಟಳು. ಓಣಿಯಲ್ಲಿ ತಾನೊಬ್ಬನೇ ಕೆಪ್ಪ ಎಂದು ತಿಳಿದ ಮೇಲೆ ಕರಿಬಸಪ್ಪ ಸಂಜೆ ಕಟ್ಟೆಗೆ ಬಂದು ಕೂರುವುದನ್ನೇ ಬಿಟ್ಟ. ಅವನ ಖಾಲಿ ಜಾಗ ನೋಡಿದಾಗಲೆಲ್ಲ ಸುಶೀಲವ್ವ ಬೇರೆ ಕಡೆ ಮುಖ ಮಾಡುತ್ತಿದ್ದಳು.

ನೇತ್ರಾ ಹನ್ನೆರಡು ಮಂದಿಯ ಲೆಕ್ಕವನ್ನು ಮೈಸೂರಿಗೆ ಕಳಿಸಿದ ಮೂರನೆಯ ದಿನ, ಮುಂಜಾನೆ, ಅವಳ ಗೈಡ್ ಮೇಡಂ ಫೋನ್ ಮಾಡಿದರು. ಅಂಗಳದಲ್ಲಿ ನೇತ್ರಾ, ಅವಳ ಅಪ್ಪ, ಅವ್ವ, ಮೂವರೂ ಫೋನಿನ ಸುತ್ತ ನಿಂತಿದ್ದರು. ಗೋಡೆಗೊರಗಿದ್ದ ಸುಶೀಲವ್ವನಿಗೆ ಫೋನಿನ ತುಟಿ ಕಾಣುವಂತಿರಲಿಲ್ಲ. ಮೂರು ಮುಖಗಳು ಒಂದೊಂದಾಗಿ ಕಪ್ಪಿಡುವುದು ಕಂಡಿತು. ನೇತ್ರಾ ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಹಾಲಿಂಗಪ್ಪ ಹೊಲದ ಕಡೆ ನಡೆದ.

"ಏನಾತು?" ಎಂದು ಸುಶೀಲವ್ವ ಕೇಳಿದಳು. ಸುಜಾತಾ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಅಡುಗೆಮನೆಗೆ ಹೋಗಿ ಸೊಸೆಯ ಪಕ್ಕ ನಿಂತು ಮತ್ತೆ ಕೇಳಿದಳು. "ನೇತ್ರಾಗ ಏನಾತಂತ ಕೇಳಾಕತ್ತೇನಿ, ಸುಜಾತಾ."

ಸುಜಾತಾ ಹಿಟ್ಟಿನ ಕೈಯಲ್ಲೇ ತಿರುಗಿದಳು. "ಕೇಳೂದು ನಿಮಗ ಅಷ್ಟ ಏನ್ರಿ ಅತ್ತಿ? ನಾ ಕೇಳಿದ್ದಕ್ಕ ನೀವು ಉತ್ತರಾ ಕೊಟ್ಟೀರೇನು?"

"ನೀ ಏನ ಕೇಳಿದ್ದಿ?"

"ಮೂರು ವರ್ಷಾತು. ಇದ ಒಲಿ ಮುಂದ ರೊಟ್ಟಿ ಬಡಕೋಂತ ಕೇಳಿದ್ನಿ. ಸವಣೂರಾಗ ನಮ್ಮಣ್ಣ ಹೊಸಾ ಮನಿ ಕಟ್ಟ್ಯಾನ್ರಿ, ಗೃಹಪ್ರವೇಶಕ್ಕ ಹೋಗಿ ಬರ್ಲ್ಯಾ ಅಂತ. ಎರಡ ಸಲ ಕೇಳಿದ್ನಿ. ನೀವು ಹಿಂದ ಕುಂತು ಅಕ್ಕಿ ಆರ್ಸಿದ್ರಿ, ಹೂಂ ಅನ್ಲಿಲ್ಲ, ಉಹೂಂ ಅನ್ಲಿಲ್ಲ. ಮನಸ್ಸಿಲ್ಲ ಅಂತ ತಿಳದು ನಾ ಹೋಗ್ಲಿಲ್ಲ. ಒಬ್ಬಾಕಿ ತಂಗಿ ಬರ್ಲಿಲ್ಲಂತ ಅಣ್ಣ ಅವತ್ತಿನಿಂದ ಮಾತ ಬಿಟ್ಟಾನ." ಸುಜಾತಾಳ ದನಿ ಏರಿತ್ತು, ಸುಶೀಲವ್ವನಿಗೆ ತುಟಿಯೂ ಕಂಡಿತು, ದನಿಯೂ ಕೇಳಿತು. "ವಯಸ್ಸಾಗೇತಿ, ಕಿವಿಗೆ ಬಿದ್ದಿರಲಿಕ್ಕಿಲ್ಲ ಅಂತ ನನ್ನ ನಾನ ಸಮಾಧಾನ ಮಾಡ್ಕೊಂಡಿದ್ನಿ. ಈಗ ನನ್ನ ಮಗಳ ಬರದು ಕೊಟ್ಲು, ನಿಮ್ಮ ಕಿವಿ ಇಪ್ಪತ್ತರ ಹುಡುಗೀದಂತ. ಕೇಳಿಸಿತ್ತು ಅಂದಂಗಾತು. ಬೇಕಂತ ಸುಮ್ಮ ಕುಂತಿದ್ರಿ ಅಂದಂಗಾತು."

ಸುಶೀಲವ್ವ ಸೊಸೆಯ ತುಟಿಯಿಂದ ಕಣ್ಣು ತೆಗೆಯಲಿಲ್ಲ. "ನೇತ್ರಾದೇನು, ಅದನ್ನ ಹೇಳು."

"ಹನ್ನೊಂದು ಮಂದಿ ಮುದುಕರ ಕಿವಿ ಹುಡುಗರಂಗ ಅದಾವ ಅಂದ್ರ ಯಾರ ನಂಬ್ತಾರ? ಮನ್ಯಾಗ ಕುಂತು ಸುಳ್ಳ ಬರದಾಳ ಅಂತ ಅವರ ಮೇಡಮ್ಮಗ ಅನುಮಾನ. ಸೋಮವಾರದೊಳಗ ಖರೇ ಹೇಳ್ಲಿಲ್ಲಂದ್ರ ಕಾಲೇಜ ಕಮಿಟಿ ಮುಂದ ಇಡ್ತಾರಂತ. ಹೆಸರ ಹೊಡದು ಹಾಕಿದ್ರ ಆರು ವರ್ಷದ ಓದು ನೀರಾಗ ಹೋತು."

ಮಧ್ಯಾಹ್ನದ ಊಟಕ್ಕೆ ನೇತ್ರಾಳನ್ನು ಎಳೆದುಕೊಂಡೇ ಬರಬೇಕಾಯಿತು. ಪುಂಡಿಪಲ್ಯ, ಬಿಸಿ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಅವಳು ರೊಟ್ಟಿ ಮುರಿದು ಹಾಗೇ ಹಿಡಿದಿದ್ದಳು.

"ಕೋಣಿ ಖಾಲಿ ಮಾಡಿಬಿಡು" ಎಂದ ಮಹಾಲಿಂಗಪ್ಪ. "ಮೋಡ ಕಟ್ಟಾಕತ್ತೈತಿ. ಓದೂ ಹೋತು, ಕಾಳೂ ಹೋತು ಅಂತ ಆಗೂದು ಬ್ಯಾಡ."

"ನಾ ಸುಳ್ಳ ಬರದಿಲ್ಲ ಅಪ್ಪಾ. ಅವರು ಬಟ್ಟ ಎತ್ತಿದ್ದನ್ನ ಬರದೀನಿ."

"ಹಂಗಾರ ಕರಿಬಸಪ್ಪ ಕಾಕಾಂದು ಒಂದ ಖರೇ ಅನಸ್ತೈತಿ ಅಂದ್ರಲ್ಲ ನಿಮ್ಮ ಮೇಡಂ, ಅದ ಹೆಂಗ? ಅದ ಮಷಿನ್, ಅದ ಕೋಣಿ, ಅದ ಕುರ್ಚಿ."

ಸುಶೀಲವ್ವ ಮಗನ ತುಟಿಯನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು.

"ಅವಗ ದೀಪ ಕಾಣಲಿಲ್ಲ" ಎಂದಳು.

ಮೂವರೂ ಅವಳತ್ತ ತಿರುಗಿದರು.

"ಯಾವ ದೀಪ, ಆಯಿ?"

ಸುಶೀಲವ್ವ ಎದ್ದು ಕಾಳಿನ ಕೋಣೆಗೆ ನಡೆದಳು. ಅವಳ ಹಿಂದೆ ಮನೆಯೆಲ್ಲಾ ನಡೆಯಿತು. ನೇತ್ರಾಳನ್ನು ಕುರ್ಚಿಯಲ್ಲಿ ಕೂರಿಸಿ, "ಅಜ್ಜನ ನೋಡು" ಎಂದಳು. ಹಿಂದೆ ಹೋಗಿ, ಮೊಮ್ಮಗಳು ದಿನವೂ ಒತ್ತುತ್ತಿದ್ದ ಗುಂಡಿಯನ್ನು ತಾನೇ ಒತ್ತಿದಳು. ಶಂಭುಲಿಂಗಪ್ಪನ ಕೋಟಿನ ಮೇಲೆ ಕೆಂಪು ಬೆಳಕು ಹತ್ತಿ ಆರಿತು.

ನೇತ್ರಾ ಎದ್ದು ಹೋಗಿ ಪಟದ ಗಾಜು ಮುಟ್ಟಿ ನೋಡಿದಳು. "ಈ ಕುರ್ಚ್ಯಾಗ ಮೊದಲ ನಾ ಕುಂತು ನೋಡಬೇಕಿತ್ತು" ಎಂದಳು. "ಮೊದಲನೇ ವರ್ಷದಾಗ ಕಲಿಸೂ ಪಾಠ ಇದು."

"ತಪ್ಪು ನಂದು" ಎಂದಳು ಸುಶೀಲವ್ವ. "ಎಲ್ಲಾರಿಗೂ ನಾನ ಹೇಳಿಕೊಟ್ಟೀನಿ. ನನಗ ಕೇಳೂದಿಲ್ಲ ನೇತ್ರಾ. ಆರೇಳ ವರ್ಷಾತು. ಎದುರಿಗೆ ಬಂದು ಮಾತಾಡಿದ್ರ ತುಟಿ ನೋಡಿ ತಿಳ್ಕೋತೇನಿ. ಬೆನ್ನ ಹಿಂದಿಂದು ಒಂದೂ ತಿಳ್ಯಾಂಗಿಲ್ಲ."

ಕೊನೆಯ ಮಾತನ್ನು ಅವಳು ಸೊಸೆಯ ಕಡೆ ನೋಡಿ ಆಡಿದಳು.

"ನನಗರ ಹೇಳಬಾರದೇನವ್ವಾ?" ಎಂದ ಮಹಾಲಿಂಗಪ್ಪ.

"ಹೇಳಿದ್ರ ನೀವು ನನಗ ಹೇಳೂದ ಬಿಡ್ತೀರಿ. ನಮ್ಮ ಅತ್ತಿಗೆ ನಾ ಹಂಗ ಮಾಡೀನಿ."

ಸುಜಾತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಲ್ಲರೂ ಮತ್ತೆ ತಟ್ಟೆಯ ಮುಂದೆ ಬಂದು ಕುಳಿತಾಗ ಅತ್ತೆಯ ಆರಿದ ರೊಟ್ಟಿ ತೆಗೆದು ಬಿಸಿಯದನ್ನು ಹಾಕಿ, ಎದುರಿಗೆ ಕುಕ್ಕರುಗಾಲಲ್ಲಿ ಕುಳಿತು, "ಉಪ್ಪು ಸರಿ ಆಗೇತೇನ್ರಿ?" ಎಂದು ಕೇಳಿದಳು.

ಮೇಡಂ ಜೊತೆ ತಾನೇ ಮಾತಾಡುತ್ತೇನೆಂದು ಸುಶೀಲವ್ವ ಹಟ ಹಿಡಿದಳು. ಮುಖ ಕಾಣಬೇಕೆಂದು ನೇತ್ರಾ ವಿಡಿಯೋ ಕಾಲ್ ಮಾಡಿಕೊಟ್ಟಳು.

"ನಮಸ್ಕಾರ್ರೀ ಮೇಡಮ್ಮರ" ಎಂದು ಮುದುಕಿ ಎದುರು ಓಣಿಗೆ ಕೇಳುವಂತೆ ಕೂಗಿದಳು. "ಹುಡುಗಿ ಖರೇ ಬರದಾಳ್ರಿ. ಸುಳ್ಳ ಬಟ್ಟ ಎತ್ತಿದಾಕಿ ನಾನು." ಪಟ, ಗಾಜು, ದೀಪ ಎಲ್ಲ ತೋರಿಸಿದಳು. ಕರಿಬಸಪ್ಪನ ಪೊರೆ ಬಂದ ಕಣ್ಣಿನ ಮಾತಿಗೆ ಬಂದಾಗ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರು.

"ನೇತ್ರಾ, ಆ ಹನ್ನೆರಡನ್ನೂ ಬಿಟ್ಟುಬಿಡು, ಮೊದಲಿಂದ ಮಾಡು" ಎಂದರು. "ಹೀಗಾಯ್ತು ಅಂತ ಥೀಸಿಸ್‌ನಲ್ಲಿ ಬರಿ, ಮುಚ್ಚಿಡಬೇಡ. ಇನ್ನೂ ಹತ್ತು ದಿನ ತಗೋ. ಕಮಿಟಿಯ ಮಾತು ಇಲ್ಲಿಗೆ ಮುಗೀತು. ಮೊದಲು ನಿಮ್ಮಜ್ಜಿ ಕಿವಿ ನೋಡು."

ನೇತ್ರಾ ಫೋನ್ ಇಟ್ಟು, ಮೂರು ರೊಟ್ಟಿ ತಿಂದಳು. ಮಹಾಲಿಂಗಪ್ಪ ಮಾತ್ರ ಆಕಾಶ ನೋಡುತ್ತಿದ್ದ. "ಇನ್ನ ಹತ್ತ ದಿನ" ಎಂದ.

ಸಂಜೆ ಸುಶೀಲವ್ವ ರಸ್ತೆ ದಾಟಿ ಕರಿಬಸಪ್ಪನ ಪಡಸಾಲೆಗೆ ಹೋದಳು. ಇಬ್ಬರೂ ಗಟ್ಟಿಯಾಗಿ ಮಾತಾಡಬೇಕಿದ್ದುದರಿಂದ ಗುಟ್ಟು ಇಡೀ ಓಣಿಗೆ ತಿಳಿಯಿತು.

"ಅಂದ್ರ ಓಣಿಯೆಲ್ಲಾ ಕೆಪ್ಪರ ಏನಬೇ?"

"ನನ್ನ ಹಿಡದು."

"ಹೊಳೆವ್ವ?"

"ಆಕೀದು ಎಡಗಿವಿ ಸತ್ತೇ ಹೋಗೇತಿ."

ಕರಿಬಸಪ್ಪ ಕೆಮ್ಮು ಬರುವವರೆಗೆ ನಕ್ಕ. "ವಾರಾತು, ನನ್ನ ಒಬ್ಬಾವಂದ ಕಿವಿ ಕೆಟ್ಟೈತಂತ ಮುಖ ಮುಚ್ಕೊಂಡ ಕುಂತಿದ್ನಿ. ಶಂಭುಲಿಂಗ ಸತ್ತ ಮ್ಯಾಲೂ ನನ್ನ ಆಟಾ ಆಡಿಸಿದ ನೋಡು." ಆಮೇಲೆ ಮಹಾಲಿಂಗಪ್ಪನ ಅಂಗಳದ ಕಡೆ ಕೈ ತೋರಿಸಿದ. "ಚೀಲ ಹೊರಗ ಬಿದ್ದಾವಂತಲ್ಲ, ಯಾಕ? ನನ್ನ ಪಡಸಾಲಿ ಖಾಲಿ ಐತಿ. ಮಹಾಲಿಂಗಗ ಒಟ್ಟಾಕ ಹೇಳು."

ಒಕ್ಕಿ ತುಂಬಿದ ಅರವತ್ತು ಚೀಲವೂ ಆ ರಾತ್ರಿಗೆ ಮುಂಚೆ ರಸ್ತೆ ದಾಟಿದವು. ಮೂರನೆಯ ದಿನ ಮಳೆ ಬಂತು, ಅಂಗಳದಲ್ಲಿ ಮೊಣಕಾಲ ಮಟ ನೀರು ನಿಂತಿತು. ಕರಿಬಸಪ್ಪ ಚೀಲಗಳ ಮೇಲೆ ಕುಳಿತು ಬೀಡಿ ಸೇದುತ್ತ ಮಳೆಯ ತಂಪಿಗೆ ಮುಖ ಒಡ್ಡಿದ.

ಶಂಭುಲಿಂಗಪ್ಪನ ಪಟವನ್ನು ಸುಶೀಲವ್ವನೇ ಇಳಿಸಿದಳು. ಗಾಜು ಒರೆಸಿ, "ನೀವು ಸ್ವಲ್ಪ ದಿನ ದೇವರ ಕೋಣ್ಯಾಗ ಇರ್ರಿ" ಎಂದು ಹೇಳಿ ಒಯ್ದಳು. ಗೆಳತಿಯರು ಮತ್ತೆ ಬಂದರು.

"ಈ ಸಲ ಏನ ನೋಡೂದು?" ಎಂದಳು ಹುಸೇನಬಿ.

"ಏನೂ ಇಲ್ಲ. ಕಣ್ಣ ಮುಚ್ಕೊಂಡು ಕುಂದ್ರೂದು. ಕೇಳಲಿಲ್ಲಂದ್ರ ಕೇಳಲಿಲ್ಲ."

ಯಾರಿಗೆ ಎಷ್ಟು ಕೇಳುತ್ತದೆಂದು ತೋರಿಸುವ ಹೊಸ ಕಾಗದಗಳ ಮೇಲಿನ ಗೆರೆಗಳು ಗುಡ್ಡ ಇಳಿಯುವ ಕಾಲುದಾರಿಯಂತೆ ಕೆಳಗೆ ಹೋದವು. ಸುಶೀಲವ್ವನದಂತೂ ಬುಡದವರೆಗೆ ಹೋಗಿತ್ತು. "ಪೂರಾ ಹೋಗಿಲ್ಲ ಆಯಿ. ಉಳಿದದ್ದು ಉಪಯೋಗಕ್ಕ ಬರತೈತಿ" ಎಂದು ನೇತ್ರಾ ಅವಳನ್ನೂ ಕರಿಬಸಪ್ಪನನ್ನೂ ಒಂದೇ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದಳು. ಮೂವತ್ತು ಮಂದಿಯದು ಮುಗಿಸಿ, ಕೌದಿಗಳನ್ನು ಮಡಚಿಟ್ಟು, ಬೀಗದ ಕೈ ಅಜ್ಜಿಗೆ ಒಪ್ಪಿಸಿ ಮೈಸೂರಿಗೆ ಹೋದಳು. ಮೇಡಂ ಒಪ್ಪಿ ಸಹಿ ಹಾಕಿದರೆಂದು ನಾಲ್ಕನೆಯ ದಿನ ಸುದ್ದಿ ಬಂತು.

ಹುಬ್ಬಳ್ಳಿಯಿಂದ ಬಂದ ಕಿವಿ ಮಷಿನ್ ಸುಶೀಲವ್ವನಿಗೆ ಮೊದಲು ಬೇಸರವನ್ನೇ ತಂದಿತು. ಸೌಟು ಬೋಗುಣಿಗೆ ತಾಗಿದರೆ ತಲೆಯೊಳಗೆ ಜಾಗಟೆ ಹೊಡೆದಂತಾಗುತ್ತಿತ್ತು. ತನ್ನ ಚಪ್ಪಲಿಯ ಸದ್ದಿಗೆ ತಾನೇ ತಿರುಗಿ ನೋಡುತ್ತಿದ್ದಳು. ದಿನಕ್ಕೆ ಎರಡು ತಾಸು, ಆಮೇಲೆ ನಾಲ್ಕು ತಾಸು ಎಂದು ನೇತ್ರಾ ಹೇಳಿಹೋದಂತೆ ಹಾಕಿಕೊಂಡಳು.

ಒಂದು ಮುಂಜಾನೆ ಅಡುಗೆಮನೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಅವತ್ತು ಗೋಡೆಗೆ ಒರಗಿರಲಿಲ್ಲ, ಕಿಟಕಿಯ ಬೆಳಕಿಗೆಂದು ನಡುವೆ ಕುಳಿತಿದ್ದಳು. ಒಲೆಯ ಮುಂದೆ ಸುಜಾತಾ ರೊಟ್ಟಿ ಬಡಿಯುತ್ತಿದ್ದಳು. ಪಟಪಟ ಸದ್ದು ನಿಂತಿತು.

"ಅತ್ತಿ, ಸವಣೂರಿಗೆ ಒಂದ ದಿನ ಹೋಗಿ ಬರ್ಲ್ಯಾ ಅಂತ..." ಎಂದ ಸುಜಾತಾ ಅರ್ಧಕ್ಕೇ ತಡೆದಳು. ಅತ್ತೆಗೆ ಬೆನ್ನು ತಿರುಗಿಸಿ ಮಾತಾಡಿದ್ದು ನೆನಪಾಗಿ, ಕೈಯೊರೆಸಿಕೊಂಡು ಇತ್ತ ತಿರುಗಿದಳು.

ಸುಶೀಲವ್ವ ಮೊರ ಕೆಳಗಿಟ್ಟು ಆಗಲೇ ಎದ್ದು ನಿಂತಿದ್ದಳು.

"ಹತ್ತರ ಬಸ್ಸಿಗೆ ಹೋಗೂಣು" ಎಂದಳು. "ನಾನೂ ಬರ್ತೇನಿ. ಮೂರು ವರ್ಷ ತಡಾ ಯಾಕ ಆತಂತ ನಿಮ್ಮಣ್ಣಗ ನಾನ ಹೇಳಬೇಕು."